ಮೊಳೆ ಹೊಡೆಯದೆ ಸ್ಟುಡಿಯೊ: ಬಾಡಿಗೆ ಕೋಣೆಯಲ್ಲಿ ಗಮಕ, ಪಾಠ, ವಿಡಿಯೊ

ಪ್ರಶ್ನೆ: ತುಮಕೂರಿನ ಬಟವಾಡಿ ಹತ್ತಿರ ಬಾಡಿಗೆ ಮನೆಯಲ್ಲಿದ್ದೇವೆ, ಮೊದಲ ಮಹಡಿ. 10 ಅಡಿ ಅಗಲ, 12 ಅಡಿ ಉದ್ದದ ಒಂದು ಕೋಣೆ ಖಾಲಿ ಇದೆ. ನನ್ನ ಹೆಂಡತಿ ಗಮಕ ವಾಚನ ಮಾಡುತ್ತಾಳೆ, ನಾನು ಪಿಯುಸಿ ಮಕ್ಕಳಿಗೆ ಅಕೌಂಟೆನ್ಸಿ ಹೇಳಿಕೊಡುತ್ತೇನೆ. ಎರಡನ್ನೂ ಮನೆಯಲ್ಲೇ ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕುವ ಆಸೆ. ಫೋನ್, ಲ್ಯಾಪ್‌ಟಾಪ್ ಇವೆ. ಮಿಕ್ಕದ್ದಕ್ಕೆ 60,000 ರೂಪಾಯಿ ತೆಗೆದಿಟ್ಟಿದ್ದೇವೆ. ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಬೇಡಿ ಅಂತ ಮಾಲೀಕರು ಹೇಳಿದ್ದಾರೆ. ಫೋನಿನಲ್ಲಿ ತೆಗೆದು ನೋಡಿದರೆ ದನಿ ಬಚ್ಚಲುಮನೆಯಲ್ಲಿ ಮಾತಾಡಿದ ಹಾಗಿದೆ, ಚಿತ್ರದಲ್ಲಿ ಅಡ್ಡ ಪಟ್ಟೆ ಓಡುತ್ತದೆ, ಲ್ಯಾಪ್‌ಟಾಪ್‌ಗೆ ಮೈಕ್ ಸಿಕ್ಕಿಸಿದರೆ ಗುಂಯ್ ಎನ್ನುತ್ತದೆ. ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿ ಅನ್ನುವವರು ಕೆಲವರು, ಮೊದಲು ಒಳ್ಳೆ ಕ್ಯಾಮೆರಾ ತಗೊಳ್ಳಿ ಅನ್ನುವವರು ಕೆಲವರು. ಎಲ್ಲಿಂದ ಶುರು ಮಾಡೋಣ?

ಉತ್ತರ: ಮೊಟ್ಟೆ ಟ್ರೇ ಬೇಡವೇ ಬೇಡ. ಕ್ಯಾಮೆರಾ ಸದ್ಯಕ್ಕೆ ಬೇಡ. ಬಾಡಿಗೆ ಮನೆಯ ಲೆಕ್ಕವೇ ಬೇರೆ: ಮನೆ ಬಿಡುವ ದಿನ ಲಾರಿಗೆ ಹೇರಿಕೊಂಡು ಹೋಗಲಾಗದ ಯಾವುದಕ್ಕೂ ದುಡ್ಡು ಸುರಿಯಬಾರದು. ಗೋಡೆಗೆ ಅಂಟಿಸಿದ ಫೋಮ್, ಫಾಲ್ಸ್ ಸೀಲಿಂಗ್, ಹೊಸ ವೈರಿಂಗ್ ಎಲ್ಲವೂ ಮಾಲೀಕರ ಪಾಲಾಗುತ್ತವೆ, ಇಲ್ಲದಿದ್ದರೆ ಅಡ್ವಾನ್ಸ್‌ನಲ್ಲಿ ಕಡಿತವಾಗುತ್ತವೆ. ಸದ್ಯ, ನೀವು ಹೇಳಿದ ಮೂರು ತೊಂದರೆಗಳಲ್ಲಿ ಒಂದಕ್ಕೂ ಮೊಳೆ ಬೇಕಿಲ್ಲ. ಪಟ್ಟೆ ನಿಲ್ಲಿಸಲು ಖರ್ಚೇ ಇಲ್ಲ, ಗುಂಯ್ ನಿಲ್ಲಿಸಲು ಅಲ್ಪಸ್ವಲ್ಪ, ಬಚ್ಚಲುಮನೆ ದನಿಗೆ ಮಾತ್ರ ಒಂದಿಷ್ಟು ಮರಗೆಲಸ.

ಮೊಟ್ಟೆ ಟ್ರೇ ಯಾಕೆ ಬೇಡ ಅಂದರೆ, ಅದು ತೆಳು ರಟ್ಟು. ತೀರಾ ಮೇಲಿನ ಸ್ವರಗಳನ್ನು ಸ್ವಲ್ಪ ಚದುರಿಸುತ್ತದೆ, ಅಷ್ಟೇ. ಹೊರಗಿನ ಸದ್ದನ್ನು ತಡೆಯುವುದಿಲ್ಲ, ಒಳಗಿನ ಮಾರ್ದನಿಯನ್ನು ಹೀರುವುದಿಲ್ಲ. ಜಿರಳೆ ಸೇರುತ್ತದೆ, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಆನ್‌ಲೈನ್‌ನಲ್ಲಿ ಸಿಗುವ ಒಂದಿಂಚಿನ ಕಪ್ಪು ಫೋಮ್ ಚೌಕಗಳೂ ಹೆಚ್ಚು ಕಡಿಮೆ ಇದೇ ಜಾತಿ. ಅವು ಬರೀ ಸ, ಶ ಅಕ್ಷರಗಳ ಚುರುಕನ್ನು ನುಂಗಿ, ಕೆಳಗಿನ ಗುಂಗನ್ನು ಹಾಗೇ ಬಿಡುತ್ತವೆ. ಗೋಡೆ ತುಂಬ ಅಂಟಿಸಿದ ಮೇಲೆ ದನಿ ಕಂಬಳಿ ಹೊದ್ದು ಮಾತಾಡಿದ ಹಾಗೆ ಮಂಕಾಗುತ್ತದೆ, ಮಾರ್ದನಿ ಮಾತ್ರ ಹೋಗಿರುವುದಿಲ್ಲ.

ಹೊರಗಿನ ಸದ್ದು

ಹೊರಗಿನ ಸದ್ದು ಒಳಗೆ ಬರುವುದು ಒಂದು ತೊಂದರೆ. ಒಳಗಿನ ಸದ್ದು ಒಳಗೇ ಸುತ್ತುವುದು ಇನ್ನೊಂದು. ಇವೆರಡರ ಮದ್ದು ಬೇರೆ ಬೇರೆ. ಮೊದಲನೆಯದಕ್ಕೆ ತೂಕ ಬೇಕು, ಸಂದು ಇರಬಾರದು. ಎರಡನೆಯದಕ್ಕೆ ದಪ್ಪವಾದ, ಗಾಳಿಯಾಡುವ ನಾರು ಬೇಕು.

ನಿಮ್ಮ ಗೋಡೆ 9 ಇಂಚಿನ ಇಟ್ಟಿಗೆಯದಾಗಿ ಎರಡೂ ಕಡೆ ಗಾರೆ ಇದ್ದರೆ ಸುಮಾರು 50 ಡೆಸಿಬೆಲ್ ತಡೆಯುತ್ತದೆ. ಅದರ ಚಿಂತೆ ಬಿಡಿ. ಸೋರುವುದು ಬಾಗಿಲು, ಕಿಟಕಿ. 3 ಅಡಿ ಅಗಲ, 6 ಮುಕ್ಕಾಲು ಅಡಿ ಎತ್ತರದ ಬಾಗಿಲಿನ ಅಡಿಯಲ್ಲಿ ಒಂದಿಂಚು ಸಂದಿದೆ ಅಂದುಕೊಳ್ಳಿ. ಬಾಗಿಲ ಒಟ್ಟು ವಿಸ್ತೀರ್ಣದಲ್ಲಿ ಆ ಸಂದು ಬರೀ ಶೇ 1.2. ಆದರೆ ಬಾಗಿಲು ತೇಗದ್ದಾಗಿರಲಿ, ಕಬ್ಬಿಣದ್ದಾಗಿರಲಿ, ಆ ಒಂದು ಸಂದಿನಿಂದಾಗಿ ಅದು ತಡೆಯುವುದು 19 ಡೆಸಿಬೆಲ್‌ನ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಹಾಗಾಗಿ ಮೊದಲ ಖರ್ಚು ಬಾಗಿಲ ಅಡಿಗೆ ತೂರಿಸುವ ಜೋಡಿ ಉರುಳೆಯ ಫೋಮ್ ಪಟ್ಟಿ, ಮೂರು ಬದಿಯ ಚೌಕಟ್ಟಿಗೆ ರಬ್ಬರ್ ಬೀಡಿಂಗ್. ಬೀಡಿಂಗನ್ನು ಎಣ್ಣೆ ಬಣ್ಣ ಬಳಿದ ಮರದ ಚೌಕಟ್ಟಿಗೇ ಅಂಟಿಸಿ, ಗೋಡೆಗಲ್ಲ. ಡಿಸ್ಟೆಂಪರ್ ಅಥವಾ ಸುಣ್ಣದ ಗೋಡೆಗೆ ಯಾವ ಟೇಪ್ ಅಂಟಿಸಿದರೂ, ‘ಬಣ್ಣ ಕೀಳದು’ ಅಂತ ಪೊಟ್ಟಣದ ಮೇಲೆ ಬರೆದಿದ್ದರೂ, ಕೀಳುವಾಗ ಪದರವನ್ನೇ ಎಬ್ಬಿಸಿಕೊಂಡು ಬರುತ್ತದೆ.

ಕಿಟಕಿಗೆ ತೆಗೆದು ಹಾಕುವ ಹಲಗೆ ಮಾಡಿಸಿ. ಕಿಟಕಿಯ ಒಳಗೂಡಿನ ಅಳತೆಗಿಂತ ಎಲ್ಲ ಬದಿಗೂ 5 ಮಿ.ಮೀ. ಕಡಿಮೆ ಇರುವಂತೆ 18 ಮಿ.ಮೀ. ಪ್ಲೈವುಡ್ ಕತ್ತರಿಸಿ, ಅಂಚಿಗೆ ಸುತ್ತಲೂ 10 ಮಿ.ಮೀ. ಫೋಮ್ ಟೇಪ್ ಹಚ್ಚಿ, ಒತ್ತಿ ಕೂರಿಸಬೇಕು. 4 ಅಡಿ ಚೌಕದ ಹಲಗೆ ಸುಮಾರು 16 ಕೆ.ಜಿ. ತೂಗುತ್ತದೆ. ಅದನ್ನು ಎರಡು ತುಂಡು ಮಾಡಿ ಪ್ರತಿಯೊಂದಕ್ಕೂ ಒಂದು ಡ್ರಾಯರ್ ಹಿಡಿ ಹಾಕಿಸಿದರೆ ಒಬ್ಬರೇ ಎತ್ತಿಡಬಹುದು. ರೆಕಾರ್ಡಿಂಗ್ ಮುಗಿದ ಕೂಡಲೆ ತೆಗೆದುಬಿಡಿ, ಕೋಣೆಗೆ ಗಾಳಿ ಬೇಕು.

ಇಷ್ಟಾದರೂ ಹೆದ್ದಾರಿಯಲ್ಲಿ ಗೇರ್ ಬದಲಿಸುವ ಲಾರಿಯ ಅಡಿಸದ್ದು ಒಳಗೆ ಬಂದೇ ಬರುತ್ತದೆ. 100 ಹರ್ಟ್ಸ್‌ಗಿಂತ (ಸೆಕೆಂಡಿಗೆ 100 ಕಂಪನ) ಕೆಳಗಿನ ಸದ್ದನ್ನು ಬಾಡಿಗೆ ಕೋಣೆಯಲ್ಲಿ ತಡೆಯುತ್ತೇವೆ ಅನ್ನುವವರನ್ನು ನಂಬಬೇಡಿ. ಅದಕ್ಕೆ ಮದ್ದು ಹೊತ್ತು ನೋಡಿ ಕೂರುವುದು. ಒಂದು ವಾರ, ದಿನಕ್ಕೆ ನಾಲ್ಕೈದು ಸಲ, ಕೋಣೆಯಲ್ಲಿ ಯಾರೂ ಇಲ್ಲದಾಗ ಒಂದೊಂದು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿ, ಹೆಡ್‌ಫೋನ್ ಹಾಕಿ ಕೇಳಿ. ದೇವಸ್ಥಾನದ ಸುಪ್ರಭಾತ, ಶಾಲೆ ವ್ಯಾನು, ಪಕ್ಕದ ಮನೆ ನೀರಿನ ಮೋಟಾರು, ಸೊಪ್ಪಿನವರ ಕೂಗು ಎಲ್ಲಕ್ಕೂ ಅವುಗಳದೇ ವೇಳೆ ಇರುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಎಷ್ಟೋ ಬಡಾವಣೆಗಳಲ್ಲಿ ಅಚ್ಚರಿಪಡುವಷ್ಟು ನಿಶ್ಶಬ್ದ. ಫ್ರಿಡ್ಜ್ ಸದ್ದು ಕೇಳಿಸಿದರೆ ಆರಿಸಿ, ನಿಮ್ಮ ಗಾಡಿ ಕೀಲಿಯನ್ನು ಅದರೊಳಗೇ ಇಡಿ. ಮತ್ತೆ ಹಾಕುವುದನ್ನು ಮರೆಯುವುದಿಲ್ಲ.

ಬಚ್ಚಲುಮನೆ ದನಿ

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ನೀವೂ ಲೆಕ್ಕದ ಮೇಷ್ಟ್ರು. ಕೋಣೆಯ ಸದ್ದು 60 ಡೆಸಿಬೆಲ್ ಇಳಿಯಲು ಎಷ್ಟು ಸೆಕೆಂಡ್ ಬೇಕು ಎನ್ನುವುದಕ್ಕೆ ಸಬೈನ್ ಸೂತ್ರವಿದೆ: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸುವುದು. ನಿಮ್ಮ ಚಾವಣಿ 10 ಅಡಿ ಎತ್ತರ ಅಂದುಕೊಂಡರೆ ಕೋಣೆ ಸುಮಾರು 34 ಘನ ಮೀಟರ್. ಗೋಡೆ, ನೆಲ, ಚಾವಣಿ ಸೇರಿ 63 ಚದರ ಮೀಟರ್. ಗಾರೆ, ಟೈಲ್ಸ್ ಹೀರುವುದು ತನಗೆ ಬಡಿದ ಸದ್ದಿನ ಶೇ 3ರಷ್ಟು, ಅಂದರೆ ಒಟ್ಟು ಹೀರಿಕೆ 2 ಚದರ ಮೀಟರ್‌ಗೂ ಕಡಿಮೆ. ಭಾಗಿಸಿದರೆ ಹತ್ತಿರ ಹತ್ತಿರ 3 ಸೆಕೆಂಡ್. ನಿಮ್ಮ ಕಿವಿಗೆ ಬಚ್ಚಲುಮನೆ ಅನ್ನಿಸಿದ್ದು ಇದೇ.

ಮಾತು, ಗಮಕಕ್ಕೆ ನಮಗೆ ಬೇಕಾದದ್ದು 0.3 ಸೆಕೆಂಡ್ ಆಸುಪಾಸು. ಅದಕ್ಕೆ ಒಟ್ಟು 18 ಚದರ ಮೀಟರ್ ಹೀರಿಕೆ ಬೇಕು. ಅದನ್ನು ಹೀಗೆ ತುಂಬಿಸಿಕೊಳ್ಳಬಹುದು: ತಾನೇ ನಿಲ್ಲುವ ಆರು ಪ್ಯಾನೆಲ್‌ಗಳು (ಎರಡೂ ಮುಖ ಸೇರಿ ಸುಮಾರು 8.6), ನೆರಿಗೆ ಇಟ್ಟು ಇಳಿಬಿಟ್ಟ ದಪ್ಪ ಪರದೆ (3ಕ್ಕೂ ಸ್ವಲ್ಪ ಹೆಚ್ಚು), ಗೋಡೆಗೆ ಒರಗಿಸಿ ನಿಲ್ಲಿಸಿದ ಒಂದು ಹತ್ತಿ ಹಾಸಿಗೆ (ಸುಮಾರು 1.8), ಕೂತ ಮನುಷ್ಯ (ಅರ್ಧ), ಕೋಣೆಯದೇ ಎರಡು. ಒಟ್ಟು 16, ಮಾರ್ದನಿ 0.34 ಸೆಕೆಂಡಿಗೆ ಇಳಿಯುತ್ತದೆ. ಕೋಣೆಯಲ್ಲಿ ಕಾಂಕ್ರೀಟ್ ಗೂಡುಗಳಿದ್ದರೆ ಬಾಗಿಲು ಹಾಕಿಸದೆ ಬಟ್ಟೆ, ಪುಸ್ತಕ ತುಂಬಿಡಿ. ಮಿಕ್ಕ ಕೊರತೆ ಅಲ್ಲಿ ತುಂಬುತ್ತದೆ.

ಪ್ಯಾನೆಲ್ ಮಾಡುವುದು ಹೀಗೆ. ಒಳಗೆ ಹಾಕಲು ಘನ ಮೀಟರ್‌ಗೆ 48 ಕೆ.ಜಿ. ಸಾಂದ್ರತೆಯ ಗ್ಲಾಸ್‌ವುಲ್ ಅಥವಾ ರಾಕ್‌ವುಲ್ ಹಲಗೆ, 1200 × 600 ಮಿ.ಮೀ., 50 ಮಿ.ಮೀ. ದಪ್ಪ. ಸುರುಳಿಯಾಗಿ ಬರುವ ಮೆದು ಗ್ಲಾಸ್‌ವುಲ್ ಬೇಡ, ಎರಡೇ ತಿಂಗಳಲ್ಲಿ ಕೆಳಗೆ ಕುಸಿದು ಮೇಲೆ ಖಾಲಿಯಾಗುತ್ತದೆ. ಚೌಕಟ್ಟಿಗೆ 2½ ಇಂಚು ಅಗಲ, 20 ಮಿ.ಮೀ. ದಪ್ಪದ ಮರದ ರೀಪರ್. ಉದ್ದದ ಎರಡು ಪಟ್ಟಿ 1690 ಮಿ.ಮೀ., ಅಡ್ಡದ ಎರಡು 600 ಮಿ.ಮೀ. ಒಂದು ಅಡ್ಡಪಟ್ಟಿ ತುತ್ತತುದಿಗೆ, ಇನ್ನೊಂದು ಕೆಳಗಿನಿಂದ 450 ಮಿ.ಮೀ. ಬಿಟ್ಟು. ಆಗ ನಡುವೆ ಹಲಗೆ ಸರಿಯಾಗಿ ಕೂರುತ್ತದೆ, ಉದ್ದದ ಪಟ್ಟಿಗಳೇ ಕಾಲಾಗುತ್ತವೆ. ಪ್ರತಿ ಕಾಲಿನ ಬುಡಕ್ಕೆ 400 ಮಿ.ಮೀ. ಉದ್ದದ ಅಡ್ಡ ಪಾದ, ಎರಡೆರಡು ಸ್ಕ್ರೂ. ಒಂದು ಪ್ಯಾನೆಲ್‌ಗೆ ಸುಮಾರು 18 ಅಡಿ ರೀಪರ್, ಆರಕ್ಕೆ 108 ಅಡಿ. 45 ಸೆಂ.ಮೀ. ಎತ್ತರದಲ್ಲಿ ಶುರುವಾಗಿ 169ರವರೆಗೆ ಹೋಗುವುದರಿಂದ, ಕುರ್ಚಿಯಲ್ಲಿ ಕೂತವರ ಬಾಯಿ ನಡುಮಧ್ಯಕ್ಕೆ ಬರುತ್ತದೆ. ನಿಮ್ಮ ಮನೆಯವರು ಚಾಪೆ ಮೇಲೆ ಕೂತೇ ಹಾಡುವುದಾದರೆ ಕಾಲನ್ನು 450ರ ಬದಲು 100 ಮಿ.ಮೀ. ಇಡಿಸಿ.

ಹಲಗೆಯನ್ನು ಮೊದಲು ತೆಳು ನಾನ್‌ವೋವೆನ್ ಬಟ್ಟೆಯಲ್ಲಿ ಸುತ್ತಿ, ಆಮೇಲೆ ಚೌಕಟ್ಟಿಗೆ ಕೂರಿಸಿ, ಎರಡೂ ಮುಖಕ್ಕೆ ನೈಲಾನ್ ದಾರವನ್ನು ಅಡ್ಡಾದಿಡ್ಡಿ ಬಿಗಿದು, ಹೊರಗೆ ಹತ್ತಿ ಬಟ್ಟೆ ಎಳೆದು ಸ್ಟೇಪ್ಲರ್ ಹೊಡೆಯಬೇಕು. ಬಟ್ಟೆ ಕೊಳ್ಳುವಾಗ ಒಂದೇ ಪರೀಕ್ಷೆ: ಬಾಯಿಗೆ ಹಿಡಿದು ಊದಿ. ಉಸಿರು ಸಲೀಸಾಗಿ ಆಚೆ ಹೋದರೆ ಸದ್ದೂ ಹೋಗುತ್ತದೆ. ರೆಕ್ಸಿನ್, ದಪ್ಪ ಸೋಫಾ ಬಟ್ಟೆ ಈ ಪರೀಕ್ಷೆಯಲ್ಲಿ ಸೋಲುತ್ತವೆ, ಖಾದಿ ಗೆಲ್ಲುತ್ತದೆ. 60 ಇಂಚು ಅಗಲದ್ದಾದರೆ ಆರಕ್ಕೂ ಸೇರಿ 8 ಮೀಟರ್ ಸಾಕು. ಹಿಂಬದಿಗೆ ಪ್ಲೈವುಡ್ ಹೊಡೆಯಬೇಡಿ, ಬಡಗಿ ಎಷ್ಟೇ ಹೇಳಿದರೂ. ಹೊಡೆದರೆ ಹಿಂಬದಿಯ ಹೀರಿಕೆ ಪೂರ್ತಿ ಹೋಗುತ್ತದೆ, ಮೇಲಿನ ಲೆಕ್ಕ ಅರ್ಧಕ್ಕೆ ಬೀಳುತ್ತದೆ. ಗ್ಲಾಸ್‌ವುಲ್ ಮುಟ್ಟುವಾಗ ಕೈಗವಸು, ಮಾಸ್ಕ್, ತುಂಬು ತೋಳಿನ ಅಂಗಿ ಇರಲಿ. ಈ ಕೆಲಸ ಮನೆಯೊಳಗೆ ಬೇಡ, ಮಹಡಿ ಮೇಲೆ ಮಾಡಿ. ಮುಗಿದ ಮೇಲೆ ತಣ್ಣೀರಲ್ಲಿ ಕೈ ತೊಳೆಯಿರಿ, ಉಜ್ಜಬೇಡಿ.

ಗ್ಲಾಸ್‌ವುಲ್ ತರಲು ಬೆಂಗಳೂರಿಗೆ ಹೋಗುವುದು ಆಗದಿದ್ದರೆ, ಶಿರಾ, ಪಾವಗಡದ ಕಡೆ ಸಿಗುವ ಕುರಿ ಉಣ್ಣೆಯ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಇದೇ ಚೌಕಟ್ಟಿಗೆ ಇಳಿಬಿಡಿ. ಅಷ್ಟು ಕೆಳಗಿನ ಸ್ವರದವರೆಗೆ ಹೀರುವುದಿಲ್ಲ, ಆದರೆ ಒಂದಿಂಚಿನ ಫೋಮ್‌ಗಿಂತ ಖಂಡಿತ ಮೇಲು. ಕರಿ ಕಂಬಳಿ ಬೆಳಕನ್ನೂ ಹೀರುವುದರಿಂದ ವಿಡಿಯೊಗೂ ಅನುಕೂಲ.

ಎಲ್ಲಿ ನಿಲ್ಲಿಸಬೇಕು? ಹೆಚ್ಚಿನವರು ಎಡವುವುದು ಇಲ್ಲೇ. ಹಾಡುವವರ ಮುಂದೆ, ಮೈಕಿನ ಬೆನ್ನಿಗೆ ಫೋಮ್ ಗುರಾಣಿ ಇಡುತ್ತಾರೆ. ಕಾರ್ಡಿಯಾಯ್ಡ್ ಮೈಕ್, ಅಂದರೆ ಎದುರಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಬಗೆಯದು, ತನ್ನ ಬೆನ್ನ ಹಿಂದಿನದನ್ನು ಹೇಗೂ ಅಷ್ಟಾಗಿ ಕೇಳಿಸಿಕೊಳ್ಳುವುದಿಲ್ಲ. ಅದು ಕಣ್ಣಿಟ್ಟಿರುವುದು ಹಾಡುವವರ ಮುಖದ ಕಡೆ ಮತ್ತು ಅವರ ಬೆನ್ನ ಹಿಂದಿನ ಗೋಡೆಯ ಕಡೆ. ಆದ್ದರಿಂದ ಎರಡು ಪ್ಯಾನೆಲ್ ಅವರ ಬೆನ್ನ ಹಿಂದೆ, ಎರಡು ಎಡಬಲಕ್ಕೆ, ಮಿಕ್ಕೆರಡು ಕೋಣೆಯ ಎರಡು ಮೂಲೆಗೆ ಅಡ್ಡಲಾಗಿ. ಗೋಡೆಗೆ ತಾಗಿಸಬೇಡಿ, ಒಂದು ಚೋಟು ಬಿಡಿ. ಹಿಂದಿನ ಗಾಳಿಯ ಜಾಗವೇ ಪ್ಯಾನೆಲ್‌ನ ದಪ್ಪವನ್ನು ಹೆಚ್ಚಿಸಿದಂತೆ ಕೆಲಸ ಮಾಡುತ್ತದೆ. ಕೋಣೆಯ ನಟ್ಟ ನಡುವೆ ಕೂರಬೇಡಿ. 10 ಅಡಿಯ ಅಗಲದಲ್ಲಿ 56 ಹರ್ಟ್ಸ್, 12 ಅಡಿಯ ಉದ್ದದಲ್ಲಿ 47 ಹರ್ಟ್ಸ್ ಮತ್ತು ಅವುಗಳ ಮಡಿಗಳು ನಿಂತ ಅಲೆಗಳಾಗುತ್ತವೆ. ನಡುವೆ ಕೂತರೆ ಕೆಲವು ಸ್ವರ ಮಾಯ, ಕೆಲವು ಎರಡು ಪಟ್ಟು. ಒಂದು ಗೋಡೆಯಿಂದ ನಾಲ್ಕೂವರೆ ಅಡಿ ಆಸುಪಾಸು ಒಳ್ಳೆಯದು.

ಮೈಕ್, ಗಮಕ

ಕೋಣೆ ಎಷ್ಟೇ ಸರಿಯಾದರೂ ಅತಿ ಅಗ್ಗದ ಮದ್ದು ಮೈಕನ್ನು ಹತ್ತಿರ ತರುವುದು. ದೂರ ಅರ್ಧವಾದರೆ ದನಿ 6 ಡೆಸಿಬೆಲ್ ಏರುತ್ತದೆ, ಕೋಣೆಯ ಗದ್ದಲ ಇದ್ದಲ್ಲೇ ಇರುತ್ತದೆ. ಎರಡು ಅಡಿಯಿಂದ ಅರ್ಧ ಅಡಿಗೆ ತಂದರೆ 12 ಡೆಸಿಬೆಲ್ ಲಾಭ, ಒಂದು ಪೈಸೆ ಖರ್ಚಿಲ್ಲ. ಹಾಗಾಗಿ ಪಾಠ ಮಾಡುವಾಗ ಮೈಕ್ ಚಿತ್ರದಲ್ಲಿ ಕಾಣಿಸಲಿ ಬಿಡಿ. ಮಕ್ಕಳು ಬಂದಿರುವುದು ಬ್ಯಾಲೆನ್ಸ್ ಶೀಟ್ ಹೊಂದಿಸಲು.

ನಿಮ್ಮ ಸಂದರ್ಭಕ್ಕೆ, ಸಣ್ಣಪುಟ್ಟ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕಿಗಿಂತ, ಹತ್ತಿರದ ದನಿಗೆ ಒಗ್ಗುವ ಡೈನಾಮಿಕ್ ಮೈಕ್ ಸರಿ. 1966ರಿಂದ ವೇದಿಕೆಗಳಲ್ಲಿ ಓಡುತ್ತಿರುವ ಶ್ಯೂರ್ ಎಸ್‌ಎಂ58 ಥರದ್ದು ಒಂದು, ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಮೈಕ್) ಕೇಬಲ್, ಮೇಲಿನಿಂದ ಬಗ್ಗುವ ಬೂಮ್ ಸ್ಟ್ಯಾಂಡ್, ಒಂದೇ ಮೈಕಿನ ಆಡಿಯೊ ಇಂಟರ್‌ಫೇಸ್ (ಮೈಕನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಪುಟ್ಟ ಪೆಟ್ಟಿಗೆ). ಡೈನಾಮಿಕ್ ಮೈಕಿಗೆ ಗೇನ್ (ಮೈಕಿನ ದನಿಯನ್ನು ಹಿಗ್ಗಿಸುವ ಪ್ರಮಾಣ) ಹೆಚ್ಚು ಬೇಕು. 55 ಡೆಸಿಬೆಲ್‌ಗಿಂತ ಕಡಿಮೆ ಗೇನ್ ಕೊಡುವ ಇಂಟರ್‌ಫೇಸ್ ತಗೊಂಡರೆ ಮೆಲುಮಾತಿನ ಪಾಠದಲ್ಲಿ ಸುಯ್ ಎನ್ನುವ ಸದ್ದು ಬರುತ್ತದೆ. 48 ವೋಲ್ಟ್ ಗುಂಡಿ ಕಂಡೆನ್ಸರ್‌ಗೆ, ಇದಕ್ಕೆ ಒತ್ತುವುದು ಬೇಡ. ಲ್ಯಾಪ್‌ಟಾಪ್‌ನ ಹೆಡ್‌ಫೋನ್ ತೂತಿಗೆ ನೇರ ಮೈಕ್ ಸಿಕ್ಕಿಸುವುದನ್ನು ಇವತ್ತೇ ಬಿಟ್ಟುಬಿಡಿ. ಆ ತೂತು ಫೋನ್ ಹೆಡ್‌ಸೆಟ್‌ನ ಮೂರು ಗೆರೆಯ ಪ್ಲಗ್‌ಗೆ ಮಾಡಿದ್ದು, ಅದರ ಹಿಂದಿನ ಆಂಪ್ಲಿಫೈಯರ್ ಕರೆ ಮಾಡಲಷ್ಟೇ ಸಾಕು.

ಪಾಠಕ್ಕೆ ಬಾಯಿಂದ ನಾಲ್ಕೈದು ಬೆರಳು ದೂರ. ಗಮಕಕ್ಕೆ ಒಂದು ಗೇಣು, ಬಾಯಿಗೆ ನೇರವಾಗಿ ಅಲ್ಲ, ಮೂಗಿನ ಮಟ್ಟದಿಂದ ಕೆಳಮುಖವಾಗಿ ಓರೆಯಾಗಿ. ಆಗ ಪ, ಬ, ಭಗಳ ಉಸಿರು ಮೈಕಿಗೆ ಬಡಿಯದೆ ಕೆಳಗೆ ಹಾದುಹೋಗುತ್ತದೆ. ಭಾಮಿನಿ ಷಟ್ಪದಿಯಲ್ಲಿ ಮೂರನೆಯ ಸಾಲಿನ ಕೊನೆಗೆ ದನಿ ಏರಿಸಿ ಎಳೆಯುವಾಗ ಮಟ್ಟ ಒಮ್ಮೆಲೇ 10–12 ಡೆಸಿಬೆಲ್ ಜಿಗಿಯಬಹುದು. ಆದ್ದರಿಂದ ನಿಮ್ಮ ಮನೆಯವರಿಗೆ ಅತಿ ಎತ್ತರದ ಸಾಲನ್ನೇ ಮೊದಲು ಹಾಡಲು ಹೇಳಿ, ರೆಕಾರ್ಡಿಂಗ್ ಮೀಟರ್‌ನಲ್ಲಿ ಅದು ಮೈನಸ್ 12 ಡೆಸಿಬೆಲ್ ದಾಟದಂತೆ ಗೇನ್ ಇಟ್ಟು, ಆಮೇಲೆ ಗುಂಡಿ ಮುಟ್ಟಬೇಡಿ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿದರೆ ಮೆಲ್ಲನೆಯ ಭಾಗವನ್ನು ನಂತರ ಎತ್ತಿಕೊಳ್ಳಬಹುದು. ಕೆಂಪಿಗೆ ಬಡಿದು ಹರಿದ ದನಿಯನ್ನು ಯಾರೂ ಹೊಲಿಯಲಾರರು.

ಶ್ರುತಿಯನ್ನು ಕೋಣೆಯಲ್ಲಿ ಗಟ್ಟಿಯಾಗಿ ಹಾಕಬೇಡಿ. ತಂಬೂರಿ ಆ್ಯಪ್ ಅವರ ಮುಚ್ಚಿದ ಬಗೆಯ ಹೆಡ್‌ಫೋನ್‌ನಲ್ಲಿ ಕೇಳಿಸಲಿ, ಒಂದು ಕಿವಿ ತೆರೆದಿರಲಿ. ಶ್ರುತಿಯ ಟ್ರ್ಯಾಕನ್ನು ಎಡಿಟಿಂಗ್‌ನಲ್ಲಿ ಸೇರಿಸಿ. ಹಾಡಿನ ಜೊತೆಗೇ ಶ್ರುತಿ ಮೈಕಿಗೆ ಹೋದರೆ ಎರಡು ಟೇಕ್‌ಗಳನ್ನು ಕತ್ತರಿಸಿ ಸೇರಿಸುವ ಜಾಗದಲ್ಲಿ ತಂಬೂರಿ ಮುಗ್ಗರಿಸುವುದು ಕೇಳಿಬಿಡುತ್ತದೆ. ಇನ್ನೊಂದು ಸಣ್ಣ ವಿಷಯ: ಗಾಜಿನ ಬಳೆ, ಗಂಜಿ ಹಾಕಿದ ಸೀರೆ, ಹೊಸ ರೇಷ್ಮೆ. ತಾಳಕ್ಕೆ ಕೈ ಆಡಿದಾಗಲೆಲ್ಲ ಸರಬರ, ಗಲಗಲ. ಬಳೆಯ ನಡುವೆ ತೆಳು ಬಟ್ಟೆಪಟ್ಟಿ ಸುತ್ತಿ ಮೇಲಿನ ಬಳೆಯಿಂದ ಮುಚ್ಚಿದರೆ ಕಾಣುವುದೂ ಇಲ್ಲ, ಕೇಳುವುದೂ ಇಲ್ಲ.

ಪ್ರತಿ ರೆಕಾರ್ಡಿಂಗ್‌ನ ಮೊದಲಿಗೆ 10 ಸೆಕೆಂಡ್ ಯಾರೂ ಉಸಿರೆತ್ತದೆ ಖಾಲಿ ಕೋಣೆಯನ್ನೇ ರೆಕಾರ್ಡ್ ಮಾಡಿ. ದನಿ ತಿದ್ದುವ ಸಾಫ್ಟ್‌ವೇರ್ ಆಡಾಸಿಟಿಯಲ್ಲಿ ಗದ್ದಲ ತೆಗೆಯಲು ಆ ತುಣುಕು ಬೇಕು. 6ರಿಂದ 9 ಡೆಸಿಬೆಲ್‌ಗಿಂತ ಹೆಚ್ಚು ತೆಗೆಯಲು ಹೋದರೆ ದನಿ ನೀರಿನೊಳಗಿಂದ ಬಂದಂತಾಗುತ್ತದೆ. ಕೆಳಗಿನ ಸದ್ದನ್ನು ಕತ್ತರಿಸುವ ಹೈಪಾಸ್ ಫಿಲ್ಟರ್ ನಿಮ್ಮ ದನಿಗೆ 80 ಹರ್ಟ್ಸ್, ಅವರಿಗೆ 100. ಲಾರಿಯ ಅಡಿಸದ್ದಿನ ಬಹುಪಾಲು ಅಲ್ಲೇ ಹೋಗುತ್ತದೆ. ಕೊನೆಗೆ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಒಟ್ಟು ಜೋರಿನ ಅಳತೆ) ಮಟ್ಟಕ್ಕೆ ತಂದು, ಶಿಖರ ಮೈನಸ್ 1 ಡೆಸಿಬೆಲ್ ದಾಟದಂತೆ ಎಕ್ಸ್‌ಪೋರ್ಟ್ ಮಾಡಿ. ಅದಕ್ಕಿಂತ ಜೋರಾಗಿ ಹಾಕಿದರೆ ಯೂಟ್ಯೂಬ್ ತಾನೇ ತಗ್ಗಿಸುತ್ತದೆ.

ಗುಂಯ್ ಎಲ್ಲಿಂದ?

ಇಂಟರ್‌ಫೇಸ್ ಬಂದ ಮೇಲೂ ಗುಂಯ್ ಉಳಿದರೆ ಹುಡುಕುವ ದಾರಿ ಇದು. ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ನಿಂತಿತೇ? ಹಾಗಾದರೆ ಅರ್ಥಿಂಗ್ ಕಡೆ ನೋಡಬೇಕು. ನಿಲ್ಲಲಿಲ್ಲವೇ? ಫ್ಯಾನ್ ರೆಗ್ಯುಲೇಟರನ್ನು 1ರಿಂದ 5ಕ್ಕೆ ತಿರುಗಿಸುತ್ತಾ ಕೇಳಿ. ಸದ್ದಿನ ಬಣ್ಣ ಬದಲಾದರೆ ಕಳ್ಳ ಸಿಕ್ಕ: ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಕರೆಂಟಿನ ಅಲೆಯನ್ನು ಕತ್ತರಿಸಿ ಕೊಡುತ್ತದೆ, ಆ ಚೂಪು ಅಂಚೇ ಕೇಬಲ್‌ನೊಳಗೆ ಜಿರ್ರೆನ್ನುವುದು. ರೆಕಾರ್ಡಿಂಗ್ ವೇಳೆ ಫ್ಯಾನ್ ಹೇಗೂ ಆರಿರಬೇಕು. ಕರೆಂಟ್ ಹೋದಾಗ ಮಾತ್ರ ಗುಂಯ್ ಬರುವುದಾದರೆ ಮನೆಯ ಇನ್ವರ್ಟರ್ ಸ್ಕ್ವೇರ್ ವೇವ್‌ನದು. ಬೆಸ್ಕಾಂ ಲೈನ್ ಬರುವವರೆಗೆ ಬ್ಯಾಟರಿ ಮೇಲೆ ಕೆಲಸ ಮಾಡಿ.

ಅರ್ಥಿಂಗ್ ಪರೀಕ್ಷೆಗೆ ಎಲೆಕ್ಟ್ರಿಷಿಯನ್‌ನ ಕರೆಸಿ, ಮೀಟರ್ ಹಿಡಿಸಿ. ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್ ಆಸುಪಾಸು, ಫೇಸ್‌ಗೂ ಅರ್ಥ್‌ಗೂ ನಡುವೆ ಅಷ್ಟೇ, ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎರಡು ಮೂರು ವೋಲ್ಟ್ ಒಳಗೆ ಬರಬೇಕು. ಕೊನೆಯದು ಹತ್ತಾರು ವೋಲ್ಟ್ ತೋರಿಸಿದರೆ, ಪ್ಲಗ್‌ನಲ್ಲಿ ಮೂರನೇ ತೂತಿದೆ, ಅದರ ಹಿಂದೆ ಅರ್ಥ್ ಇಲ್ಲ ಅಂತ. ಉಪ್ಪು, ಇದ್ದಿಲು ತುಂಬಿದ ಹಳೇ ಬಗೆಯ ಅರ್ಥ್ ಗುಂಡಿ ನಮ್ಮ ಸೀಮೆಯ ಬೇಸಿಗೆಯಲ್ಲಿ ಒಣಗಿ ಕೆಲಸ ನಿಲ್ಲಿಸುತ್ತದೆ. ಮಾಲೀಕರನ್ನು ಕೇಳಿ ಗುಂಡಿಗೆ ಎರಡು ಬಿಂದಿಗೆ ನೀರು ಹಾಕಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಎರಡು ಕೆಲಸ ಮಾತ್ರ ಯಾರು ಹೇಳಿದರೂ ಮಾಡಬೇಡಿ: ಅರ್ಥ್ ಪಿನ್ ಮುರಿಯುವುದು, ಸಾಕೆಟ್ ಒಳಗೆ ಅರ್ಥನ್ನು ನ್ಯೂಟ್ರಲ್‌ಗೆ ಕಟ್ಟುವುದು. ಎರಡನೆಯದರಲ್ಲಿ ನ್ಯೂಟ್ರಲ್ ವೈರ್ ಕಡಿದ ಗಳಿಗೆಯಲ್ಲಿ ಲ್ಯಾಪ್‌ಟಾಪ್‌ನ ಮೈ, ಮೈಕಿನ ಮೈ ಎಲ್ಲ 230 ವೋಲ್ಟ್ ಆಗುತ್ತದೆ, ಹಾಡುವವರ ತುಟಿ ಅದರಿಂದ ಒಂದು ಗೇಣು ದೂರದಲ್ಲಿರುತ್ತದೆ. ಲ್ಯಾಪ್‌ಟಾಪ್, ಇಂಟರ್‌ಫೇಸ್, ದೀಪ ಎಲ್ಲ ಸೇರಿ 250 ವ್ಯಾಟ್ ದಾಟುವುದಿಲ್ಲ. ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಸಿಕ್ಕಿಸಿ. ಎರಡು ಗೋಡೆಯ ಎರಡು ಸಾಕೆಟ್‌ಗೆ ಹಂಚಿದರೆ ಅರ್ಥ್ ಸುತ್ತುಹಾಕಿಕೊಂಡು ಮತ್ತೆ ಗುಂಯ್.

ಪಟ್ಟೆ, ಬೆಳಕು, ಜಾಗ

ಚಿತ್ರದಲ್ಲಿ ಓಡುವ ಪಟ್ಟೆಗೆ ಕಾರಣ ಸರಳ. ನಮ್ಮ ಕರೆಂಟ್ 50 ಹರ್ಟ್ಸ್, ಅಗ್ಗದ ಬಲ್ಬ್, ಟ್ಯೂಬ್‌ಲೈಟ್‌ಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಫೋನ್ ತಾನಾಗಿ ಸೆಕೆಂಡಿಗೆ 30 ಫ್ರೇಮ್, 1/60 ಶಟರ್ (ಒಂದೊಂದು ಫ್ರೇಮ್‌ಗೆ ಸೆಕೆಂಡಿನ 60ನೇ ಒಂದು ಪಾಲು ಬೆಳಕು) ಹಿಡಿದರೆ ಪ್ರತಿ ಫ್ರೇಮ್‌ಗೂ ಮಿಣುಕಿನ ಬೇರೆ ಬೇರೆ ತುಂಡು ಸಿಗುತ್ತದೆ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಥರದ ಉಚಿತ ಆ್ಯಪ್‌ನಲ್ಲಿ 25 ಫ್ರೇಮ್, ಶಟರ್ 1/50 ಇಡಿ. ಪಟ್ಟೆ ಮಾಯ. ಜೊತೆಗೇ ಫೋಕಸ್, ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಮೂರನ್ನೂ ಬೀಗ ಹಾಕಿಬಿಡಿ. ಇಲ್ಲದಿದ್ದರೆ ನೀವು ಬಿಳಿ ಹಾಳೆ ಎತ್ತಿ ಹಿಡಿದಾಗಲೆಲ್ಲ ಮುಖ ಕಪ್ಪಾಗುತ್ತದೆ.

12 ಅಡಿಯನ್ನು ಹೀಗೆ ಹಂಚಿಕೊಳ್ಳಿ: ಗೋಡೆಯಿಂದ ಅರ್ಧ ಅಡಿ ಬಿಟ್ಟು ಪರದೆ, ಪರದೆಯಿಂದ ಮೂರೂವರೆ ಅಡಿ ಬಿಟ್ಟು ಕುರ್ಚಿ, ಕುರ್ಚಿಗೆ ಒಂದು ಅಡಿ, ಮುಖದಿಂದ 5 ಅಡಿಗೆ ಫೋನ್, ಅದರ ಹಿಂದೆ ನಿಲ್ಲಲು 2 ಅಡಿ. ಫೋನಿನ ಮಾಮೂಲಿ ಲೆನ್ಸ್ 5 ಅಡಿಯಿಂದ 7 ಅಡಿ ಅಗಲ ಹಿಡಿಯುತ್ತದೆ: ಪ್ಯಾನೆಲ್, ಹಾಸಿಗೆ, ಸ್ಟ್ಯಾಂಡ್ ಎಲ್ಲ ಬಯಲು. 2 ಎಕ್ಸ್ ಲೆನ್ಸ್ ಇದ್ದರೆ ಮೂರೂವರೆ ಅಡಿ, ಎದೆಮಟ್ಟದ ಚಿತ್ರಕ್ಕೆ ಹೇಳಿ ಮಾಡಿಸಿದ್ದು. ಪರದೆಗೆ ಮೊಳೆ ಬೇಡ, ಎರಡು ಕಾಲಿನ ಬ್ಯಾಕ್‌ಡ್ರಾಪ್ ಸ್ಟ್ಯಾಂಡ್ ಸಾಕು. 8 ಅಡಿ ಕೋಲಿಗೆ 16 ಅಡಿ ಬಟ್ಟೆ ನೆರಿಗೆ ಹಿಡಿದು ಹಾಕಿ. ಸ್ಪ್ರಿಂಗ್ ಒತ್ತಡದಲ್ಲಿ ನಿಲ್ಲುವ ಕೋಲುಗಳು 8 ಅಡಿಗೆ ಬಾಗಿ ಬೀಳುತ್ತವೆ.

ದೀಪ ಎರಡು ಸಾಕು, ಒಂದಾದರೂ ಪರವಾಗಿಲ್ಲ. ಸಿಆರ್‌ಐ 95 (ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬ ಅಂಕ) ಎಂದು ಬರೆದ 60 ವ್ಯಾಟ್ ಎಲ್‌ಇಡಿ, ಬೆಳಕನ್ನು ಮೆದುವಾಗಿಸುವ 60 ಸೆಂ.ಮೀ. ಸಾಫ್ಟ್‌ಬಾಕ್ಸ್, ಮುಖದಿಂದ 3 ಅಡಿ, ಪಕ್ಕಕ್ಕೆ 45 ಡಿಗ್ರಿ, ಕಣ್ಣಿಗಿಂತ ಒಂದಡಿ ಮೇಲೆ. ಇನ್ನೊಂದು ಬದಿಗೆ ದೀಪದ ಬದಲು 2 × 3 ಅಡಿ ಥರ್ಮಾಕೋಲ್ ಹಾಳೆ ನಿಲ್ಲಿಸಿದರೆ ನೆರಳು ತಿಳಿಯಾಗುತ್ತದೆ. ಕೋಣೆಯ ಟ್ಯೂಬ್‌ಲೈಟ್ ಆರಿಸಿ. ಅದರ ಬೆಳಕಿನ ಬಣ್ಣ 6500 ಕೆಲ್ವಿನ್, ನಿಮ್ಮ ದೀಪದ್ದು 5600, ಎರಡೂ ಸೇರಿದರೆ ಒಂದು ಕೆನ್ನೆ ನೀಲಿ. ಕನ್ನಡಕದಲ್ಲಿ ದೀಪ ಹೊಳೆದರೆ ದೀಪವನ್ನು ಮೇಲೆತ್ತಿ, ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಕೂದಲೆಳೆಯಷ್ಟು ಎತ್ತಿ. ಸಣ್ಣ ಚೌಕುಳಿ ಅಂಗಿ ಬೇಡ, ಕ್ಯಾಮೆರಾದಲ್ಲಿ ಅಲೆಅಲೆಯಾಗಿ ನಡುಗುತ್ತದೆ.

ಅಕೌಂಟೆನ್ಸಿಗೆ ವೈಟ್‌ಬೋರ್ಡ್ ಬೇಡ ಅನ್ನುವುದು ನಮ್ಮ ಅಭಿಪ್ರಾಯ. ಇಷ್ಟು ಚಿಕ್ಕ ಕೋಣೆಯಲ್ಲಿ ದೀಪ ಅದರ ಮೇಲೆ ಎಲ್ಲಿಟ್ಟರೂ ಹೊಳೆಯುತ್ತದೆ. ಮಾರ್ಕರ್ ಅಂಕಿ ಫೋನಿನ ಪುಟ್ಟ ಪರದೆಯಲ್ಲಿ ಕಾಣುವುದಿಲ್ಲ. ಟ್ರೈಪಾಡ್‌ಗೆ ಅಡ್ಡ ತೋಳು ಹಾಕಿ ಫೋನನ್ನು ನೇರ ಕೆಳಮುಖ ನಿಲ್ಲಿಸಿ, ಲೆಡ್ಜರ್ ಹಾಳೆಯ ಮೇಲೆ ಕಪ್ಪು ಜೆಲ್ ಪೆನ್ನಿನಲ್ಲಿ ಬರೆಯುತ್ತಾ ಹೋಗಿ. ಡೆಬಿಟ್ ಎಡಕ್ಕೆ, ಕ್ರೆಡಿಟ್ ಬಲಕ್ಕೆ ಏರುವುದನ್ನು ಮಕ್ಕಳು ಕೈಬರಹದಲ್ಲೇ ನೋಡಬೇಕು. ತೋಳಿನ ಭಾರಕ್ಕೆ ಟ್ರೈಪಾಡ್ ಮಗುಚದಂತೆ ಅದರ ನಡುಗಂಬಕ್ಕೆ ಎರಡು ಲೀಟರ್ ನೀರಿನ ಬಾಟಲಿ ನೇತುಹಾಕಿ.

ದನಿ ಲ್ಯಾಪ್‌ಟಾಪ್‌ನಲ್ಲಿ, ಚಿತ್ರ ಫೋನಿನಲ್ಲಿ ಬೇರೆ ಬೇರೆ ಇರುತ್ತವಲ್ಲ, ಹೊಂದಿಸಲು ಶುರುವಿಗೆ ಒಂದು, ಕೊನೆಗೆ ಒಂದು ಚಪ್ಪಾಳೆ ತಟ್ಟಿ. ಮೊದಲ ಚಪ್ಪಾಳೆ ಹೊಂದಿಸಿದಾಗ ಕೊನೆಯದು ತಪ್ಪಿದರೆ, ಫೋನ್ ಫ್ರೇಮ್ ದರವನ್ನು ಏರಿಳಿಸಿ ರೆಕಾರ್ಡ್ ಮಾಡಿದೆ ಅಂತ ಅನುಮಾನಿಸಿ. ವಿಡಿಯೊ ಪರಿವರ್ತಿಸುವ ಸಾಫ್ಟ್‌ವೇರ್ ಹ್ಯಾಂಡ್‌ಬ್ರೇಕ್‌ನಲ್ಲಿ ಸ್ಥಿರ 25 ಫ್ರೇಮ್‌ಗೆ ಪರಿವರ್ತಿಸಿ, ಆಮೇಲೆ ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ಗೆ ತನ್ನಿ. ಎರಡೂ ಉಚಿತ. 20 ನಿಮಿಷಕ್ಕೊಮ್ಮೆ ನಿಲ್ಲಿಸಿ ಹೊಸ ಫೈಲ್ ಶುರು ಮಾಡಿದರೆ ಈ ತಾಪತ್ರಯ ಕಡಿಮೆ. ಏಪ್ರಿಲ್ ಸೆಕೆಯಲ್ಲಿ ಫ್ಯಾನಿಲ್ಲದ ಮುಚ್ಚಿದ ಕೋಣೆಯಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಕೂರಲೂ ಆಗದು.

ದುಡ್ಡಿನ ಹಂಚಿಕೆ

ಪ್ಯಾನೆಲ್, ಪರದೆ, ಸ್ಟ್ಯಾಂಡ್‌ಗೆ 14,000. ಮೈಕ್, ಬೂಮ್ ಸ್ಟ್ಯಾಂಡ್, ಕೇಬಲ್ 12,000. ಇಂಟರ್‌ಫೇಸ್ 12,000. ಹೆಡ್‌ಫೋನ್ 4,000. ದೀಪ, ಸಾಫ್ಟ್‌ಬಾಕ್ಸ್ 10,000. ಟ್ರೈಪಾಡ್, ತೋಳು 5,000. ಬಾಗಿಲು, ಕಿಟಕಿ, ಎಲೆಕ್ಟ್ರಿಷಿಯನ್‌ಗೆ 3,000. ಅಲ್ಲಿಗೆ 60,000. ಒಟ್ಟಿಗೇ ತರಬೇಡಿ. ಪ್ಯಾನೆಲ್ ಮತ್ತು ಸಂದು ಮುಚ್ಚುವ ಕೆಲಸ ಮುಗಿಸಿ, ಅದೇ ಫೋನಿನಲ್ಲೇ ಮತ್ತೊಮ್ಮೆ ರೆಕಾರ್ಡ್ ಮಾಡಿ ಕೇಳಿ, ಆಮೇಲೆ ಮೈಕ್. ದೀಪ ಎಲ್ಲಕ್ಕಿಂತ ಕೊನೆಗೆ. ಅಲ್ಲಿಯವರೆಗೆ ಪಾಠದ ವಿಡಿಯೊಗೆ ಕಿಟಕಿಯ ಬೆಳಕು ಸಾಕು, ಹಲಗೆ ತೆಗೆದಿಟ್ಟು.

ಮಾಲೀಕರಿಗೆ ಮೊದಲೇ ಹೇಳಿಬಿಡಿ: ಗೋಡೆ ಮುಟ್ಟುವುದಿಲ್ಲ, ಬ್ಯಾಚ್ ಕಟ್ಟಿ ಮಕ್ಕಳನ್ನು ಮನೆಗೆ ಕರೆಯುವುದಿಲ್ಲ, ರಾತ್ರಿ ಸದ್ದು ಇರುವುದಿಲ್ಲ. 11 ತಿಂಗಳ ಕರಾರು ನವೀಕರಿಸುವಾಗ ಈ ಮೂರು ಮಾತನ್ನು ಅದರಲ್ಲೇ ಬರೆಸಿದರೆ ಮುಂದೆ ತಕರಾರಿಗೆ ಜಾಗವಿಲ್ಲ. ಸಾಮಾನು ತರುವ ಮುಂಚೆ ನಾಲ್ಕು ಗೋಡೆ, ನೆಲ, ಬಾಗಿಲ ಚೌಕಟ್ಟಿನ ಫೋಟೊ ತೆಗೆದು ಅವರಿಗೂ ವಾಟ್ಸ್‌ಆ್ಯಪ್ ಮಾಡಿಡಿ. ಖಾಲಿ ಮಾಡುವಾಗ ಚೌಕಟ್ಟಿನ ರಬ್ಬರ್ ಬೀಡಿಂಗನ್ನು ಎಳೆದು ಕೀಳಬೇಡಿ: ಹೇರ್ ಡ್ರೈಯರ್‌ನಿಂದ ಅರ್ಧ ನಿಮಿಷ ಬಿಸಿ ಮಾಡಿ, ಚೌಕಟ್ಟಿಗೆ ಒರಗಿಸಿಕೊಂಡೇ ಮೆಲ್ಲಗೆ ಸುಲಿದರೆ ಪಟ್ಟಿ ಇಡಿಯಾಗಿ ಬರುತ್ತದೆ. ಉಳಿದ ಅಂಟಿಗೆ ಬಟ್ಟೆಯಲ್ಲಿ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿ; ಥಿನ್ನರ್ ಹಾಕಿದರೆ ಮಾತ್ರ ಬಣ್ಣವೂ ಜೊತೆಗೆ ಹೋಗುತ್ತದೆ.